ಲಕ್ಷ್ಮಮ್ಮನವರ ಮಹಡಿ ಫೋನು

ಫೈಬರ್ ಎಂದರೆ ಕುರ್ಚಿ ಎಂದು ನಾನು ಬಹಳ ಕಾಲ ನಂಬಿದ್ದೆ. ಶಹಾಪುರದ ನಮ್ಮ ಮನೆಯಲ್ಲಿ ಕಟ್ಟಿಗೆಯ ಕುರ್ಚಿ ಒಂದು, ಉಳಿದವೆಲ್ಲ ಫೈಬರ್ ಕುರ್ಚಿ. ಹಾಗಾಗಿ ಕೆಲಸದ ಸಂದರ್ಶನದಲ್ಲಿ ಮ್ಯಾನೇಜರ್ ಜಯಸಿಂಹ, "ಫೈಬರ್ ಬಗ್ಗೆ ಏನ್ ಗೊತ್ತು?" ಎಂದಾಗ, "ಬಿಸಿಲಿಗೆ ಇಟ್ರ ಸೀಳತದ್ರೀ ಸರ್" ಎಂದುಬಿಟ್ಟೆ. ಅವರು ನಾನು ಕೇಬಲಿನ ವಿಷಯ ಹೇಳುತ್ತಿದ್ದೇನೆಂದು ತಿಳಿದು, "ಫೀಲ್ಡ್ ನಾಲೆಜ್ ಇದೆ" ಎಂದು ಕೆಲಸ ಕೊಟ್ಟರು. ಮೌನೇಶ ಎಂಬ ಹೆಸರಿಟ್ಟುಕೊಂಡು ಫೋನಿನ ಕಂಪನಿಗೆ ಸೇರಿದ್ದು ಹೀಗೆ.

ನಮ್ಮ ಕಂಪನಿ ಹಳೆಯ ತಾಮ್ರದ ತಂತಿಯ ಫೋನುಗಳನ್ನು ಈ ತಿಂಗಳ ಕೊನೆಗೆ ನಿಲ್ಲಿಸುತ್ತಿತ್ತು. ಅದಕ್ಕೆ ಮೊದಲು ನಾನು ಅಂಗಡಿ ಅಂಗಡಿಗೆ ಹೋಗಿ, ಆ ಲೈನನ್ನು ನೆಚ್ಚಿಕೊಂಡು ಏನೇನು ನಡೆಯುತ್ತಿದೆ ಎಂದು ನೋಡಿ, ಎಲ್ಲವನ್ನೂ ಅದೇ ನಂಬರಿನಲ್ಲಿ ಫೈಬರ್‌ಗೆ ಬದಲಿಸಬೇಕು. ಜಯಸಿಂಹರ ಮೆಸೇಜು ಬಿಟ್ಟೂಬಿಡದೆ ಬರುತ್ತಿತ್ತು. ಎಲ್ಲದರಲ್ಲೂ ಒಂದೇ ಪದ: "ಸ್ಟೇಟಸ್?"

ಬಿಳೇಕಹಳ್ಳಿಯ ಲಕ್ಷ್ಮಮ್ಮನವರದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಫೋನ್ ಲೈನ್ ಅವರ ಹೆಸರಿನಲ್ಲಿದ್ದದ್ದರಿಂದ ಮೊದಲು ಅವರ ಮೊಬೈಲಿಗೇ ಕರೆ ಮಾಡಿದೆ. "ಅಮ್ಮಾರೇ, ನಿಮ್ಮಲ್ಲಿರೋ ಹಳೇ ತಾಮ್ರ ತೆಗದು ಫೈಬರ್ ಕೊಡ್ತೀವ್ರೀ."

"ನಮ್ ತಾಮ್ರದ ತಂಟೆಗೆ ಬಂದ್ರೆ ನೋಡು," ಎಂದರು. "ಹಂಡೆಗಳೆಲ್ಲ ನಮ್ಮತ್ತೆ ಕಾಲದ್ದು. ಅದನ್ನ ಕೊಟ್ಟು ಪ್ಲಾಸ್ಟಿಕ್ ತಗೊಳಕ್ಕೆ ನಂಗೇನು ತಲೆ ಕೆಟ್ಟಿದ್ಯಾ?"

ಕುರ್ಚಿಯವನಿಗೆ ಹಂಡೆಯವರು ಸಿಕ್ಕಿದ್ದರು. ನಾನು ನಗುವ ಹಾಗಿರಲಿಲ್ಲ.

ಅಂಗಡಿ ಇರುವುದು ಅವರ ಮನೆಯ ಕೆಳಗೆ, ರಸ್ತೆಗಿಂತ ತಗ್ಗಿನಲ್ಲಿ. ಸುತ್ತ ಪಾತ್ರೆಯ ರಾಶಿ, ಮೊಬೈಲಿಗೆ ಟವರ್ ಬರುವುದಿಲ್ಲ. ಮಗ ಶಿವರಾಮ್ ಟೆಂಪೋದಲ್ಲಿ ಸಾಮಾನು ಸಾಗಿಸುತ್ತಾ ಸದಾ ಹೊರಗೆ. ವ್ಯಾಪಾರವೆಲ್ಲ ಸೊಸೆ ಬಿಂದುಶ್ರೀ ಅವರದು. ಫೈಬರ್ ಬೇಕೆಂದು ಹಟ ಹಿಡಿದವರೂ ಅವರೇ.

"ನಂಬರ್ ಮಾತ್ರ ಚೇಂಜ್ ಆಗ್ಬಾರ್ದು," ಎಂದು ಒಂದು ಕೊಳಗವನ್ನು ಬೋರಲು ಹಾಕಿ ತೋರಿಸಿದರು. ಬೇರೆಯವರು ಪಾತ್ರೆಯ ಮೇಲೆ ಹೆಸರು ಕೊರೆಸಿದರೆ ಇವರ ಮನೆಯಲ್ಲಿ ಫೋನ್ ನಂಬರು ಕೊರೆಸಿದ್ದರು. "ಮೊನ್ನೆ ಹುಳಿಮಾವಿಂದ ಒಬ್ರು ಫೋನ್ ಮಾಡಿ, ನಿಮ್ ಸೌಟು ನಮ್ ಅಟ್ಟದಲ್ಲಿ ಸಿಕ್ತು ಅಂದ್ರು. ಅವ್ರ ಮಗಳ ಮದ್ವೆಗೆ ಹೋಗಿದ್ದ ಸೌಟು. ಆ ಮಗಳಿಗೆ ಈಗ ಎರಡು ಮಕ್ಳು."

"ಲೈನಿಗೆ ಇದೊಂದೇ ಫೋನ್ ಏನ್ರೀ ಮೇಡಂ?"

"ಇದೊಂದೇ."

ಆದರೆ ಫೋನಿನ ಹಿಂದಿನಿಂದ ಇನ್ನೊಂದು ತಂತಿ ಗೋಡೆ ಹಿಡಿದು, ವೆಂಟಿಲೇಟರಿನಿಂದ ಹೊರಬಿದ್ದು, ಮೇಲಕ್ಕೆ ಹೋಗಿತ್ತು. ಪ್ಯಾರಲಲ್ ಕನೆಕ್ಷನ್. ಅಂದರೆ ಒಂದೇ ನಂಬರಿಗೆ ಕೆಳಗೊಂದು, ಮಹಡಿಯಲ್ಲೊಂದು ಫೋನು.

"ಅದು ಮಾವ ಹಾಕ್ಸಿದ್ದು. ಮೇಲಿನ ಫೋನ್ ಯಾವಾಗ್ಲೋ ಕೆಟ್ಟೋಯ್ತು, ಅತ್ತೆ ಅದಕ್ಕೆ ಬಟ್ಟೆ ಹೊದಿಸಿಟ್ಟಿದಾರೆ. ಅದನ್ನ ಬಿಟ್ಬಿಡಿ."

ಅಷ್ಟರಲ್ಲಿ ಲಕ್ಷ್ಮಮ್ಮ ಮೆಟ್ಟಿಲಿಳಿದು ಬಂದರು. ಮಂಡಿ ನೋವೆಂದು ಅಂಗಡಿಯನ್ನು ಸೊಸೆಗೆ ಬಿಟ್ಟು ಮಹಡಿ ಸೇರಿದವರು. ಬಂದು, ಒಂದು ಕೊಳಗದೊಳಗೆ ಇಣುಕಿ, ಮತ್ತೆ ಹತ್ತಿದರು. ನಾನು ಡ್ರಿಲ್ ಹೊರತೆಗೆಯುವುದರೊಳಗೆ ಪುನಃ ಇಳಿದರು.

"ಹಳೇದು ಕಟ್ ಆಯ್ತಾ?"

"ಇಲ್ರೀ ಅಮ್ಮಾರೇ, ಇನ್ನೂ ಅದರೀ."

"ಕಟ್ ಮಾಡೋಕ್ ಮುಂಚೆ ಹೇಳು," ಎಂದು ಹತ್ತಿದರು. ನಾಲ್ಕು ತಿರುಪು ಬಿಗಿಯುವಷ್ಟರಲ್ಲಿ ಮತ್ತೆ ಚಪ್ಪಲಿಯ ಸದ್ದು. ಅವರ ಓಡಾಟಕ್ಕೋ ಜಯಸಿಂಹರ ನೆನಪಿಗೋ, ನನ್ನ ಕೈಯಿಂದ ಒಂದು ತಿರುಪು ಜಾರಿ ಹಂಡೆಯೊಳಗೆ ಬಿತ್ತು. ಅದನ್ನು ತೆಗೆಯಲು ಬಗ್ಗಿದಾಗ ನನ್ನ ತಲೆಯೂ ಅರ್ಧ ಹಂಡೆಯೊಳಗೆ ಹೋಯಿತು.

"ಅಲ್ಲೂ ವೈರ್ ಎಳೀತೀರಾ?" ಎಂದರು ಬಿಂದುಶ್ರೀ.

ಲೈನ್ ಬದಲಿಸಲು ಮಾಲೀಕರ ಮೊಬೈಲಿಗೆ ಬರುವ ಒಟಿಪಿ ಬೇಕು. ಅದನ್ನು ಕೇಳಲು ಮಹಡಿಗೆ ಹೋದೆ. ಲಕ್ಷ್ಮಮ್ಮ ಕಿಟಕಿಯ ಬಳಿ ನಿಂತಿದ್ದರು.

"ಕೂತ್ಕೋಪ್ಪ. ಆ ಅಪಾರ್ಟ್‌ಮೆಂಟ್ ಕಾಣ್ತದಲ್ಲ, ಅಲ್ಲಿ ನಾವು ಸೊಪ್ಪು ಬೆಳೀತಿದ್ವಿ. ಜಮೀನು ಹೋದ್ಮೇಲೆ ನಮ್ಮೆಜಮಾನ್ರು ಒಂದು ಶಾಮಿಯಾನ ತಂದ್ರು, ನಾನು ನಮ್ಮತ್ತೆ ಹಂಡೆ ಈಚೆ ತೆಗ್ದೆ. ಆಮೇಲೆ ಈ ಫೋನು. ಬೀದಿಗೆಲ್ಲ ಇದೊಂದೇ. ಯಾರ ಮನೇಲಿ ನಾಮಕರಣ, ಯಾರ ಮನೇಲಿ ತಿಥಿ, ಮೊದ್ಲು ನಂಗೇ ಗೊತ್ತಾಗ್ತಿತ್ತು. ಬೀಗರಿಗಿಂತ ಮುಂಚೆ." ಅವರು ಕೂತರು, ತಕ್ಷಣ ಎದ್ದರು. "ಈಗ ಇಲ್ಲಿಂದ ಟೆಂಪೋ ಹೋಗೋದು ಕಾಣ್ತದೆ. ಎಲ್ಲಿಗೆ ಅಂದ್ರೆ, ನೀವ್ ರೆಸ್ಟ್ ತಗೊಳ್ಳಿ ಅಂತಾರೆ ಇಬ್ರೂನು."

ಒಟಿಪಿ ಬಂದ ಸದ್ದಾಯಿತು. ಅವರು ಮೊಬೈಲನ್ನು ಎದೆಗವಚಿಕೊಂಡರು.

"ಮೊದ್ಲು ಇಲ್ಲಿಗೂ ವೈರ್ ಎಳಿ."

"ಈ ಫೋನ್ ಕೆಟ್ಟದ ಅಂತ ಕೆಳಗ ಮೇಡಂ ಅಂದ್ರಲ್ರೀ ಅಮ್ಮಾರೇ?"

ಲಕ್ಷ್ಮಮ್ಮ ಕಸೂತಿಯ ಬಟ್ಟೆ ಸರಿಸಿದರು. ಫೋನಿನ ಮೇಲೆ ಧೂಳಿನ ಕಣವಿರಲಿಲ್ಲ. ಕಿವಿಗಿಡುವ ಜಾಗದಲ್ಲಿ ಕೊಬ್ಬರಿ ಎಣ್ಣೆಯ ಹೊಳಪು.

"ಇದು ಹೋದ್ರೆ ನಾನು ಈ ಮನೇಲಿ ಬಾಡಿಗೆಗೆ ಇರೋಳ ಥರ ಕಣಪ್ಪ," ಎಂದರು. "ಎಳೀತೀಯೋ ಇಲ್ವೋ?"

ನಾನು ನಿಯಮ ಹೇಳಿದೆ, ಸೊಸೆಯ ಮಾತು ಹೇಳಿದೆ, ನನ್ನ ಕೆಲಸದ ಕಷ್ಟ ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಒಟಿಪಿಯ ಅವಧಿ ಮುಗಿಯಿತು. ಇನ್ನೊಂದು ತರಿಸಿದೆ, ಅದೂ ಮುಗಿಯಿತು. "ಸ್ಟೇಟಸ್?" ಎಂದು ಜಯಸಿಂಹರು ಕೇಳಿದರು. ಲೈನಿನಲ್ಲಿದ್ದ ಪ್ರತಿ ಉಪಕರಣವನ್ನೂ ಉಳಿಸಿಕೊಡುವುದೇ ನನ್ನ ಕರ್ತವ್ಯ ಎಂದು ಆ ಕ್ಷಣ ನನಗೆ ಹೊಳೆಯಿತು. ಹೆದರಿದಾಗಲೆಲ್ಲ ನನಗೆ ಕರ್ತವ್ಯ ಹೊಳೆಯುತ್ತದೆ. ಬಿಂದುಶ್ರೀ ಪಾತ್ರೆ ಎಣಿಸುತ್ತಿದ್ದಾಗ, ಅಂಗಡಿಯ ಗೋಡೆಗೆ ಕೂರಿಸಿದ್ದ ಫೈಬರಿನ ಹೊಸ ಪೆಟ್ಟಿಗೆಯಿಂದ ಅಂಗಡಿಗೊಂದು, ವೆಂಟಿಲೇಟರಿನ ಮೂಲಕ ಮಹಡಿಗೊಂದು ಬಿಳಿ ತಂತಿ ಎಳೆದೆ. ಲಕ್ಷ್ಮಮ್ಮ ಒಟಿಪಿಯನ್ನು ಒಂದೊಂದೇ ಅಂಕಿಯಾಗಿ ಹೇಳಿದರು.

ಸಂಜೆಯ ಹೊತ್ತಿಗೆ ಫೈಬರ್ ಲೈನು ಜೀವ ಪಡೆಯಿತು. ಮೊದಲ ಕರೆ ಮಡಿವಾಳದಿಂದ, ಸೀಮಂತಕ್ಕೆ ಶಾಮಿಯಾನ ಕೇಳಿ ಬಂತು. ಬಿಂದುಶ್ರೀ ಹೆಮ್ಮೆಯಿಂದ ಸ್ಪೀಕರ್ ಹಾಕಿದರು. ಹಳೆಯ ಲೈನಿನ ಗೊರಗೊರ ಸದ್ದು ಇರಲೇ ಇಲ್ಲ.

"ಎಷ್ಟ್ ಕ್ಲಿಯರ್ ಇದೆ ನೋಡಿ," ಎಂದು ನನ್ನತ್ತ ಕಣ್ಣರಳಿಸಿದರು.

"ಹೂಂ ಮೇಡಂ, ಸಖತ್ ಕ್ಲಿಯರ್," ಎಂದಿತು ಆ ಕಡೆಯ ದನಿ. "ನಿಮ್ಮನೆ ಕುಕ್ಕರ್ ಕೂಗೋದೂ ಕೇಳಿಸ್ತಿದೆ."

"ಕುಕ್ಕರ್ ನಿಮ್ಮನೇದಲ್ವಾ?"

"ನಾವಿನ್ನೂ ಅಡುಗೆಗೇ ಇಟ್ಟಿಲ್ಲ."

ಕುಕ್ಕರ್ ಇನ್ನೊಮ್ಮೆ ಕೂಗಿತು. ಸ್ಪೀಕರಿನಿಂದಲೂ ಕೂಗಿತು, ಮೆಟ್ಟಿಲ ಕಡೆಯಿಂದಲೂ ಕೂಗಿತು. ಬಿಂದುಶ್ರೀ ವೆಂಟಿಲೇಟರಿನ ಬಿಳಿ ತಂತಿಯನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಆಗಲೇ ಬಿಗಿಯಾಗಿದ್ದ ತಿರುಪನ್ನು ಬಿಗಿಯತೊಡಗಿದೆ. ಅವರು ಆರ್ಡರ್ ಮುಗಿಸಿ, ಫೋನಿಟ್ಟು, ಮಹಡಿ ಹತ್ತಿದರು. ನನ್ನ ಡ್ರಿಲ್ ಮೇಲೆಯೇ ಇತ್ತು, ಹಿಂದೆ ಹೋದೆ.

ಲಕ್ಷ್ಮಮ್ಮನ ಕೈಯಲ್ಲಿ ರಿಸೀವರ್ ಇನ್ನೂ ಇತ್ತು.

"ಅತ್ತೆ, ಇದು ಕೆಟ್ಟೇ ಇರ್ಲಿಲ್ವಾ?"

"ಇಲ್ಲ."

"ಆರ್ಡರ್ ಎಲ್ಲ ಕೇಳಿಸ್ಕೊತಿದ್ರಾ?"

"ಅಂಗಡಿ ನಿಂಗೆ ಬಿಟ್ಟೆ. ಫೋನ್ ಬಿಟ್ಟೆ ಅಂತ ಯಾವತ್ತು ಹೇಳ್ದೆ?"

"ಮೌನೇಶ್ ಅವ್ರೇ, ಆ ವೈರ್ ಬಿಚ್ಚಿ."

"ಲೈನ್ ನನ್ ಹೆಸರಲ್ಲಿದೆ," ಎಂದರು ಲಕ್ಷ್ಮಮ್ಮ. "ಮುಟ್ಟಪ್ಪ, ನೋಡಣ."

ನಾನು ಸ್ಕ್ರೂಡ್ರೈವರನ್ನು ಜೇಬಿಗಿಟ್ಟುಕೊಂಡೆ. ಬಿಂದುಶ್ರೀ ಇನ್ನೇನೋ ಹೇಳಹೊರಟವರು ತಡೆದು ನಿಂತರು. ಅಂಗಡಿಯಲ್ಲಿ ಟವರ್ ಇಲ್ಲದ್ದರಿಂದ ತವರಿನ ಮಾತುಕತೆಯೆಲ್ಲ ಕೆಳಗಿನ ಫೋನಿನಲ್ಲೇ ಎಂಬುದು ಅವರ ಮುಖ ಇಳಿದದ್ದರಿಂದ ನನಗೆ ಗೊತ್ತಾಯಿತು.

"ಮಧ್ಯಾಹ್ನ ನಾನು ನಮ್ಮಮ್ಮನ ಹತ್ರ ಮಾತಾಡೋದೂ?" ಎಂದರು, ದನಿ ತಗ್ಗಿಸಿ. "ನಿಮ್ ವಿಷ್ಯ ಹೇಳೋದೂ ಕೇಳಿಸ್ಕೊತಿದ್ರಾ?"

"ಹೂಂ, ಅದೂನೂ," ಎಂದರು ಲಕ್ಷ್ಮಮ್ಮ. "ನಿಮ್ಮಮ್ಮನ ಮಾತು ನೀನಂತೂ ಕೇಳಲ್ಲ. ನಾನಾದ್ರೂ ಕೇಳ್ಬೇಕಲ್ಲ."