ಕಂಬಳಿ ಹೊದ್ದು ಪಾಠ ಹೇಳಿದ ಲಲಿತಾ

ಬೇಸಿಗೆಯ ನಡುಮಧ್ಯಾಹ್ನ, ಚಳ್ಳಕೆರೆಯ ಬಿಸಿಲಿಗೆ ಬೀದಿನಾಯಿಗಳೂ ಮೋರಿಯ ತಂಪು ಹುಡುಕಿಕೊಂಡು ಬಿದ್ದಿರುವ ಹೊತ್ತು. ಅಂಥ ಹೊತ್ತಿನಲ್ಲಿ ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ತಲೆಯಿಂದ ಕಾಲಿನವರೆಗೆ ಕರಿಕಂಬಳಿ ಹೊದ್ದು ಕೂತು ಒಬ್ಬಳೇ ಮಾತಾಡುವ ಹೆಂಗಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ಮನೆಗೆ ಅಂಟಿಕೊಂಡ ಕೋಣೆಯಲ್ಲಿ ವರ್ಷಗಟ್ಟಲೆ ನೋಡಿದ್ದೇನೆ. ಮಾತು ಮುಗಿಸಿ ಕಂಬಳಿಯಿಂದ ತಲೆ ಹೊರಗೆ ಹಾಕಿದಾಗ ಅವಳ ಮುಖ ಆಗಷ್ಟೇ ಸ್ನಾನ ಮಾಡಿಸಿದ ಕೂಸಿನ ಹಾಗೆ ಒದ್ದೆಯಾಗಿ ಕೆಂಪಗಿರುತ್ತಿತ್ತು. ಬೀದಿಯವರು ಅವಳಿಗೆ ಕಂಬಳಿ ಮೇಡಂ ಎಂದೇ ಹೆಸರಿಟ್ಟಿದ್ದರು.

ನಿಜವಾದ ಹೆಸರು ಲಲಿತಾ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರ ಮನೆಯ ಮಗಳು. ಅವರ ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ಕುರಿ ಸಾಕುವವರಿಗೆ ಫೋನಿನಲ್ಲೇ ಪಾಠ ಕಳಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಲಸಿಕೆ ಯಾವಾಗ, ಮರಿಗೆ ಮೊದಲ ಹಾಲು ಹೇಗೆ, ಕುರಿ ಲೆಕ್ಕ ಬರೆದಿಡುವ ಆ್ಯಪ್ ಕೈಕೊಟ್ಟರೆ ಏನು ಮಾಡಬೇಕು, ಇದನ್ನೆಲ್ಲ ಕಂಪ್ಯೂಟರಿನಲ್ಲಿ ಚಿತ್ರ, ಅಕ್ಷರ, ದನಿ ಕೂಡಿಸಿ ಪಾಠವಾಗಿ ಕಟ್ಟುವವಳು ಅವಳು.

ನಮ್ಮದು ನನ್ನಿವಾಳದ ಕಡೆಯ ಕುರಿಯವರ ಮನೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಮೊನ್ನೆ ನನ್ನ ಮೊಮ್ಮಗಳು ನೇತ್ರಾ ದನಿ ಕೊಟ್ಟ ಮೊದಲ ಪಾಠ ಕುರಿಯವರ ಫೋನುಗಳಿಗೆ ಹೋಯಿತು. ನನ್ನ ಮೊಮ್ಮಗಳ ದನಿ! ಆ ಖುಷಿಯನ್ನು ಎಲ್ಲಿ ಇಟ್ಟುಕೊಳ್ಳಲಿ? ಇಡೀ ಬೀದಿಗೆ ಮಂಡಕ್ಕಿ ಮೆಣಸಿನಕಾಯಿ ಹಂಚಿದೆ. ಹಂಚುತ್ತಾ ಹಂಚುತ್ತಾ ಕೈಯಲ್ಲಿ ಪೊಟ್ಟಣ ಹಿಡಿದು ಲಲಿತಾಳ ಬಾಗಿಲಿಗೂ ಹೋಗಿ ನಿಂತುಬಿಟ್ಟೆ. ಬೀಗ ನೋಡಿದ ಮೇಲೆ ನೆನಪಾಯಿತು.

ಅವಳು ಬಂದ ಹೊಸತರಲ್ಲಿ ಒಂದು ದಿನ ಮಜ್ಜಿಗೆ ಕೊಡಲು ಹೋಗಿದ್ದೆ. ಆಗಿನ್ನೂ ಕಂಬಳಿ ಇರಲಿಲ್ಲ, ಒಂದು ದುಪ್ಪಟಿ ಮುಸುಕು ಹಾಕಿಕೊಂಡಿದ್ದಳು. ಒಳಗಿಂದ ಏನೋ ಮಾತು ಬರುತ್ತಿತ್ತು. ಹೊರಗೆ ಒಂದು ಆಟೋ ಹಾರ್ನ್ ಮಾಡಿಕೊಂಡು ಹೋಯಿತು. ಅಷ್ಟರಲ್ಲಿ ಮುಸುಕಿನೊಳಗಿಂದ ಸಿಟ್ಟಿನ ದನಿ: "ಥೂ, ಮಳ್ಳೀ!"

ನನಗೆ ಮೈಯೆಲ್ಲ ಉರಿಯಿತು. "ಯಾರಿಗೆ ಮಳ್ಳಿ ಅಂತೀಯ? ಮಜ್ಜಿಗೆ ತಂದ್ರೆ ಬೈತೀಯಲ್ಲೇ!" ಎಂದೆ.

ಅವಳು ಮುಸುಕು ಕಿತ್ತೆಸೆದು ಗಾಬರಿಯಿಂದ ಎದ್ದಳು. "ಅಯ್ಯಯ್ಯೋ ನಿಮಗಲ್ಲ ಅವ್ವಾ! ತೆಲುಗಿನಾಗೆ ಮಳ್ಳೀ ಅಂದ್ರೆ ಮತ್ತೊಂದು ಸಲ ಅಂತ. ಆಟೋ ಸದ್ದು ಸೇರ್ಕಂತು, ಮತ್ತೆ ಹೇಳ್ಬೇಕು ಅಂತ ನನಗೇ ನಾನು ಅಂದ್ಕಂಡೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ದಿನವೇ ನಾನು ನನ್ನ ಕೈಯಲ್ಲೇ ನೂತ ಉಣ್ಣೆಯ ಕಂಬಳಿ ತಂದುಕೊಟ್ಟೆ. ಅವಳು ಅದನ್ನು ಹೊದ್ದು ಮಾತಾಡಿ, ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಕೇಳಿದಳು. ಅವಳ ಕಣ್ಣು ಅರಳಿದವು. "ಬೀದಿ ಸತ್ತೇ ಹೋಯ್ತು ನೋಡವ್ವ ಇದರೊಳಗೆ! ಗೋಡೆ ಗುಂಯ್ ಅನ್ನೋದೂ ಇಲ್ಲ."

ಅವಳು ಪಾಠ ಕಟ್ಟಿದ ಮೇಲೆ ಮೊದಲು ತೋರಿಸುತ್ತಿದ್ದುದು ನನಗೆ. ಫೋನು ನನ್ನ ಕೈಗೆ ಕೊಟ್ಟು, ತಾನು ಬಾಯಿಗೆ ಸೆರಗು ತುರುಕಿಕೊಂಡು ಪಕ್ಕದಲ್ಲಿ ಕೂರುತ್ತಿದ್ದಳು. ನಾನು ಏನು ಕೇಳಿದರೂ ಉತ್ತರ ಇಲ್ಲ. "ಅವರ ಮನೇಲಿ ನಾನಿರ್ತೀನಾ ಹೇಳಾಕೆ? ನೀವು ಎಲ್ಲಿ ತಡವರಿಸ್ತೀರೋ ಅಲ್ಲಿ ನನ್ನ ಪಾಠ ಕೆಟ್ಟೈತೆ ಅಂತ ಅರ್ಥ" ಎನ್ನುತ್ತಿದ್ದಳು. ಒಮ್ಮೆ ಒಂದು ಪ್ರಶ್ನೆಗೆ ನಾನು ತಪ್ಪು ಉತ್ತರ ಒತ್ತಿದಾಗ ಫೋನು ಕೆಂಪು ಬಣ್ಣ ತೋರಿಸಿ ಕಿರ್ರೆಂದು ಅರಚಿತು. ನಾನು ಅದನ್ನು ಚಾಪೆಯ ಮೇಲೆ ಕುಕ್ಕಿ, "ನನ್ನ ಅತ್ತೆನೂ ಇಂಗೆ ಅರಚಿರಲಿಲ್ಲ" ಎಂದೆ. ಮರುದಿನ ಆ ಸದ್ದು ಇರಲಿಲ್ಲ. ಅದರ ಬದಲು, ಈ ಉತ್ತರ ಯಾಕೆ ಸರಿಯಲ್ಲ ಎಂದು ಮೆಲ್ಲಗೆ ಹೇಳುವ ಲಲಿತಾಳ ದನಿ ಬಂತು.

ಇನ್ನೊಂದು ದಿನದ ಸಂಗತಿಯನ್ನಂತೂ ನಾನು ಮರೆಯುವಂತಿಲ್ಲ. ಕುರಿಗಳ ವಿವರವನ್ನೆಲ್ಲ ಕಷ್ಟಪಟ್ಟು ತುಂಬಿಸಿದ್ದೆ. ಕೊನೆಗೆ ಎರಡು ಗುಂಡಿ ಬಂದವು. ಒಂದರ ಮೇಲೆ ‘ಉಳಿಸಿ’, ಇನ್ನೊಂದರ ಮೇಲೆ ‘ಅಳಿಸಿ’. ಕನ್ನಡಕ ಇಲ್ಲದ ಕಣ್ಣಿಗೆ ಎರಡೂ ಅಕ್ಕತಂಗಿಯರ ಹಾಗೆ ಕಂಡವು. ಒಂದನ್ನು ಒತ್ತಿದೆ. ಬರೆದದ್ದೆಲ್ಲ ಮಾಯ.

ಲಲಿತಾ ಸೆರಗು ಬಾಯಿಂದ ತೆಗೆದು ಹಣೆ ಚಚ್ಚಿಕೊಂಡಳು. "ಒಂದೇ ಅಕ್ಷರ ಅವ್ವಾ! ಒಂದೇ ಒಂದು ಅಕ್ಷರದಾಗೆ ಜನರನ್ನ ಬಾವಿಗೆ ತಳ್ತಿದೀವಿ ನಾವು!" ಆಮೇಲೆ ನನ್ನನ್ನೇ ಕೇಳಿದಳು: "ನಿಮ್ಮನೇಲಿ ಬೆಣ್ಣೆ ಜೋಪಾನ ಮಾಡು ಅನ್ನಾಕೆ ಏನಂತೀರಿ?"

"ಎತ್ತಿಡು ಅಂತೀವಿ."

"ಕೆಟ್ಟಿದ್ದನ್ನ?"

"ಬಿಸಾಕು ಅಂತೀವಿ."

ಅವಳು ಕೂಡಲೇ ಆಫೀಸಿಗೆ ಫೋನ್ ಮಾಡಿದಳು. ಆ ಕಡೆಯವರು ಏನೋ ವಾದ ಮಾಡುತ್ತಿದ್ದರು. "ಇಲ್ಲ ಸಾರ್, ‘ಬಿಸಾಕು’ ಬೇಡಾಂದ್ರೆ ‘ತೆಗೆದುಹಾಕು’ ಅಂತ ಹಾಕ್ರಿ. ಎರಡೂ ಒಂದೇ ತರ ಕಾಣಬಾರದು, ಅಷ್ಟೇ. ಚೂಡಂಡಿ, ನೋಡ್ರಿ ಸಾರ್..." ಎಂದು ಜೋರು ಮಾಡಿದಳು. ಸಿಟ್ಟು ಬಂದರೆ ತೆಲುಗು ತಾನಾಗಿ ನುಗ್ಗುತ್ತಿತ್ತು. ಈಗ ಆ ಆ್ಯಪಿನಲ್ಲಿ ‘ಎತ್ತಿಡು’ ಎಂದೇ ಇದೆ. ಯಾರದೋ ಕುರಿಹಟ್ಟಿಯಲ್ಲಿ ಯಾರೋ ಅದನ್ನು ಒತ್ತುವಾಗಲೆಲ್ಲ ನನಗೆ ಒಳಗೊಳಗೇ ಹಿಗ್ಗು.

ಒಂದು ದಿನ, ಹೊಲದಲ್ಲಿ ಕುರಿ ನಿಲ್ಲಿಸಿಕೊಂಡಿದ್ದ ನನ್ನ ಮಗ ತಿಮ್ಮಣ್ಣನ ಹತ್ತಿರ ನನ್ನನ್ನೂ ಕರೆದುಕೊಂಡು ಅವಳೇ ಬಂದಳು. ಗಾಜು ಒಡೆದ ಅವನ ಫೋನಿನಲ್ಲಿ ಪಾಠ ತೆಗೆಸಿದಳು. ಅವನು ಬಿಸಿಲಲ್ಲಿ ಫೋನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. "ಏನೂ ಕಾಣ್ತಿಲ್ಲ ಕಣಕ್ಕ. ಬರೀ ನನ್ನ ಮೀಸೆ ಕಾಣ್ತೈತೆ" ಎಂದ. ಮೇಲಾಗಿ ಅಲ್ಲಿ ನೆಟ್‌ವರ್ಕೂ ಇರಲಿಲ್ಲ; ಪಾಠ ಅರ್ಧಕ್ಕೆ ನಿಂತು ಗಿರಗಿರ ಸುತ್ತುತ್ತಿತ್ತು. ಲಲಿತಾ ನಗಲಿಲ್ಲ. ಮನೆಗೆ ವಾಪಸ್ ಬರುವಾಗ, "ನನ್ನ ಮೇಜಿನ ಮೇಲೆ ಚೆಂದ ಕಂಡ್ರೆ ಏನು ಬಂತವ್ವಾ" ಎಂದಳು. ಬಂದವಳೇ ಬೂದು ಅಕ್ಷರಗಳನ್ನೆಲ್ಲ ಕಡುಕಪ್ಪು ಮಾಡಿದಳು, ಚಿತ್ರಗಳ ತೂಕ ಇಳಿಸಿದಳು. ಊರಲ್ಲಿ ಒಮ್ಮೆ ಇಳಿಸಿಕೊಂಡರೆ ಬಯಲಲ್ಲಿ ನೆಟ್‌ವರ್ಕ್ ಇಲ್ಲದೆಯೂ ಓಡುವ ಹಾಗೆ ಎಲ್ಲ ಪಾಠಗಳನ್ನೂ ಮತ್ತೆ ಕಟ್ಟಿದಳು.

ನೇತ್ರಾ ಆಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದಳು. ಲಲಿತಾಳ ಪಕ್ಕ ಸ್ಟೂಲು ಹಾಕಿಕೊಂಡು ಕೂರುವುದು ಅವಳಿಗೆ ಅಭ್ಯಾಸವಾಯಿತು. ಲಲಿತಾ ಕೆಲಸ ಮಾಡುತ್ತಲೇ ಹೇಳಿಕೊಡುವಳು. "ಒಂದು ಪರದೆಗೆ ಒಂದೇ ಕೆಲಸ ಹೇಳು. ಚಿತ್ರದಾಗೆ ಬೆರಳು ಹೋಗೋ ಜಾಗ ಮಾತ್ರ ತೋರ್ಸು, ಉಳಿದದ್ದು ಕತ್ತರಿಸು. ಇಲ್ಲಿ ‘ಗುಂಡಿ’ ಅಂದು ಅಲ್ಲಿ ‘ಬಟನ್’ ಅಂದ್ರೆ ಅವರು ಎರಡು ವಸ್ತು ಹುಡುಕ್ತಾರೆ ಕಣೇ." ಒಮ್ಮೆ ಪಶುವೈದ್ಯರ ಫೋನ್ ನಂಬರ್ ಬದಲಾಯಿತು. ಲಲಿತಾ ಒಂದೇ ಕಡೆ ತಿದ್ದಿದಳು, ಅಷ್ಟೂ ಪಾಠಗಳಲ್ಲಿ ಹೊಸ ನಂಬರ್ ಬಂದು ಕೂತಿತು. ನೇತ್ರಾ ಬಾಯಿ ತೆರೆದುಕೊಂಡು ನೋಡಿದಳು. "ಪದೇ ಪದೇ ಬರೋದನ್ನ ಒಂದು ಕಡೆ ಬರೆದಿಡು, ಬೇಕಾದ ಪಾಠಕ್ಕೆ ಅಲ್ಲಿಂದ ಕರ್ಕೋ. ಎಲ್ಲಾ ಕಡೆ ಕೈಯಾಗೆ ಬರೆದ್ರೆ ಒಂದಲ್ಲಾ ಒಂದು ಹಳೇದು ಉಳ್ಕಂತೈತೆ" ಎಂದಳು.

ಎಲ್ಲ ಕಲಿತರೂ ನೇತ್ರಾ ಒಂದಕ್ಕೆ ಮಾತ್ರ ಒಪ್ಪಲಿಲ್ಲ. ದನಿ ಕೊಡಲು. ನಮ್ಮ ಮನೆಯವರ ಬಾಯಿಗೆ ಹಕಾರ ಸಲೀಸಾಗಿ ಬರುವುದಿಲ್ಲ, ಹಾಲಿಗೆ ‘ಆಲು’ ಎನ್ನುತ್ತೇವೆ. ಕಾಲೇಜಿನಲ್ಲಿ ಯಾರೋ ಅದನ್ನೇ ಹಿಡಿದು ಅಣಕಿಸಿದ್ದರು. ಅಂದಿನಿಂದ ಹುಡುಗಿ ನಾಲ್ಕು ಜನರ ಮುಂದೆ ಬಾಯಿ ಬಿಡುತ್ತಿರಲಿಲ್ಲ.

"ಹಾಲು ಆಲಾದ್ರೆ ಕುರಿಮರಿ ಕುಡಿಯಲ್ವೇನೇ?" ಎಂದು ಲಲಿತಾ ರೇಗಿಸುತ್ತಿದ್ದಳು.

"ನೀವಿದೀರಲ್ಲಕ್ಕ, ನಾನ್ಯಾಕೆ" ಎನ್ನುತ್ತಿದ್ದಳು ನೇತ್ರಾ.

ಆ ಮಾತು ಹೆಚ್ಚು ದಿನ ನಡೆಯಲಿಲ್ಲ. ಲಲಿತಾಳಿಗೆ ಕೆಮ್ಮು ಶುರುವಾಯಿತು. ಮೊದಲು ಒಂದು ವಾಕ್ಯ ಮುಗಿಯುವಷ್ಟರಲ್ಲಿ ನಿಲ್ಲುತ್ತಿದ್ದವಳು ಆಮೇಲೆ ಒಂದು ಪದಕ್ಕೇ ನಿಲ್ಲತೊಡಗಿದಳು. ಶ್ವಾಸಕೋಶ ಗಟ್ಟಿಯಾಗುತ್ತಾ ಬರುವ ಕಾಯಿಲೆ ಎಂದರು ಡಾಕ್ಟರು. ಕಂಬಳಿಯ ಧೂಳಿನಿಂದ ಬಂತೇ ಎಂದು ನಾನು ಹೆದರಿ ಕೇಳಿದೆ. ಅಲ್ಲಜ್ಜಿ, ಇದು ಮೊದಲೇ ಒಳಗೆ ಇದ್ದದ್ದು ಎಂದರು. ಲಲಿತಾ ಆಗ ಕಟ್ಟುತ್ತಿದ್ದುದು ಹುಟ್ಟಿದ ಮರಿಗೆ ಮೊದಲ ಹಾಲು ಕುಡಿಸುವ ಪಾಠ. ಕುರಿ ಮರಿಹಾಕುವ ಕಾಲಕ್ಕೆ ಮೊದಲು ಅದು ಹೋಗಲೇಬೇಕು, ಹೋಗದಿದ್ದರೆ ಈ ಸಲದ ಮರಿಗಳಿಗೆ ಉಪಯೋಗವಿಲ್ಲ. ಚಿತ್ರ, ಅಕ್ಷರ ಎಲ್ಲ ತಯಾರಿತ್ತು. ದನಿ ಇರಲಿಲ್ಲ.

ಆಫೀಸಿನವರು ಕಂಪ್ಯೂಟರೇ ಓದುವ ಮೆಷಿನ್ ದನಿ ಹಾಕಿಬಿಡೋಣ ಎಂದು ಒಂದು ತುಣುಕು ಕಳಿಸಿದರು. ಕೇಳಿದೆವು. ಚೊಕ್ಕಟ ಕನ್ನಡ, ಉಸಿರೇ ಇಲ್ಲ. ಲಲಿತಾ ಗೋಡೆಗೆ ಒರಗಿ ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡಳು. "ಬೇರೆ ಪಾಠಕ್ಕಾದ್ರೆ ಇರ್ಲಿ. ಇದು... ಕುರೀನೇ ನೋಡಿಲ್ಲ ಕಣವ್ವಾ" ಎಂದಳು. ಆಮೇಲೆ ನೇತ್ರಾಳ ಕಡೆ ತಿರುಗಿದಳು. ಅವಳನ್ನೇ ನೋಡಿದಳು. ನನ್ನ ಮೊಮ್ಮಗಳು ತಲೆ ತಗ್ಗಿಸಿ ಎದ್ದು ಹೋದಳು.

ಮಾರನೇ ವಾರ ಲಲಿತಾಳನ್ನು ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದರು. ಮೊಳಕಾಲ್ಮೂರಿಂದ ಅವಳ ಅಣ್ಣ ಬಂದು ಜೊತೆಗಿದ್ದ. ಈ ಕಡೆ ಒಂದು ಮಧ್ಯಾಹ್ನ ನಾನು ನೋಡುತ್ತೇನೆ, ನೇತ್ರಾ ಆ ಕೋಣೆಯ ಬಾಗಿಲು ಮುಚ್ಚಿಕೊಂಡಿದ್ದಾಳೆ. ಕಿವಿಯಿಟ್ಟೆ. ಕಂಬಳಿಯೊಳಗಿನ ಮಾತು ಹೊರಗೆ ಕೇಳುವುದಿಲ್ಲವಲ್ಲ, ಏನೂ ತಿಳಿಯಲಿಲ್ಲ. ಬೆವರಿಳಿಸಿಕೊಂಡು ಹೊರಗೆ ಬಂದು, "ಅಜ್ಜಿ, ದುರ್ಗಕ್ಕೆ ಓಗಾನ ನಡಿ" ಎಂದಳು.

ಲಲಿತಾಳ ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿದ್ದರು. ಕಂಡ ಕೂಡಲೇ ನಗಲು ನೋಡಿದಳು. ನೇತ್ರಾ ಫೋನಿನ ಒಂದು ಇಯರ್‌ಫೋನನ್ನು ಅವಳ ಕಿವಿಗೆ, ಇನ್ನೊಂದನ್ನು ನನ್ನ ಕಿವಿಗೆ ಇಟ್ಟಳು. ತಾನು ಕಿಟಕಿಯ ಕಡೆ ಮುಖ ಮಾಡಿ ನಿಂತಳು. ನನ್ನ ಮೊಮ್ಮಗಳು ಕಿವಿಯೊಳಗೆ ಮಾತಾಡಿದಳು: "ಮರಿ ಎದ್ದು ನಿಂತ ಮೇಲೆ ತಾಯಿ ಆಲು ಕುಡೀತೈತಾ ನೋಡಿ. ಕುಡೀದಿದ್ರೆ ಏನು ಮಾಡ್ಬೇಕು ಅಂತ ತಿಳಿಯಾಕೆ ಬಾಣದ ಗುರುತಿನ ಗುಂಡಿ ಒತ್ತಿ."

ಆಲು. ನಾನು ತಟ್ಟನೆ ಲಲಿತಾಳ ಮುಖ ನೋಡಿದೆ. ಅವಳ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಕೊನೆಯವರೆಗೆ ಕೇಳಿದಳು. ಆಮೇಲೆ ಕೈಬೆರಳಿಂದ ನೇತ್ರಾಳನ್ನು ಕರೆದಳು.

"ಆಲು ಸರಿ ಮಾಡ್ಲಾ ಅಕ್ಕ?" ಎಂದಳು ಹುಡುಗಿ.

ಲಲಿತಾ ತಲೆಯಾಡಿಸಿದಳು, ಬೇಡ. ಮಾತು ಒಂದೊಂದಾಗಿ ಬಂತು. "ಒತ್ತಿ ಅಂದ ಮೇಲೆ... ಸುಮ್ನಿರು. ಓಡ್ತೀಯ ನೀನು. ಅವರ ಕೈಯಾಗೆ... ಮರಿ ಇರ್ತೈತೆ. ಇಳಿಸಿ... ಒತ್ತಬೇಕಲ್ಲ."

"ಎಷ್ಟೊತ್ತು ಸುಮ್ನಿರ್ಲಿ?"

"ಒಂದು ಉಸಿರು... ಎಳೆದು ಬಿಡೋವಷ್ಟು." ಹೇಳಿ, ತೋರಿಸಲೆಂದು ತಾನೇ ಉಸಿರು ಎಳೆದಳು. ಅದು ಬರಲಿಲ್ಲ, ತಡವಾಯಿತು, ಭುಜಗಳೆಲ್ಲ ಮೇಲೆದ್ದವು. ನಾವಿಬ್ಬರೂ ಉಸಿರು ಹಿಡಿದು ಕಾದೆವು. ಬಿಟ್ಟ ಮೇಲೆ ನಮ್ಮ ಮುಖ ನೋಡಿ ಅವಳೇ ನಕ್ಕಳು. "ಅಷ್ಟುದ್ದ ಬೇಡ... ನಿನ್ನ ಉಸಿರು ಲೆಕ್ಕ ತಗೋ."

ಹೊರಡುವಾಗ ನಾನು, "ಬೇಗ ಬಾ ತಾಯಿ, ಕೋಣೆ ಗುಡಿಸಿಡ್ತೀನಿ" ಎಂದೆ. ಅವಳು ನನ್ನ ಕೈ ಹಿಡಿದು, "ಎತ್ತಿಡ್ರಿ ಅವ್ವಾ" ಎಂದಳಷ್ಟೇ. ಏನನ್ನು ಎಂದು ಕೇಳುವ ಹೊತ್ತಿಗೆ ನರ್ಸಮ್ಮ ಬಂದು ನಮ್ಮನ್ನು ಹೊರಗೆ ಕಳಿಸಿದರು.

ಮೂರನೇ ದಿನ ಅವಳ ಅಣ್ಣ ಫೋನ್ ಮಾಡಿದ. ಮೊಳಕಾಲ್ಮೂರಿಗೆ ಹೋಗಿ ಮಣ್ಣು ಮಾಡಿ ಬಂದೆವು. ನೇತ್ರಾ ಬಂದವಳೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುತ್ತಾಳೇನೋ ಎಂದು ಹೊರಗೆ ಕೂತಿದ್ದೆ. ಅತ್ತಳು. ಆಮೇಲೆ ಒಳಗಿಂದ, "ಮಳ್ಳೀ" ಎಂದು ತನಗೆ ತಾನೇ ಜೋರಾಗಿ ಹೇಳಿಕೊಂಡದ್ದು ಕೇಳಿತು.

ಪಾಠ ಮರಿಹಾಕುವ ಕಾಲಕ್ಕೆ ಸರಿಯಾಗಿ ಹೋಯಿತು. ಕುದಾಪುರದ ಕಡೆಯಿಂದ ಯಾರೋ ಕುರಿಯವರು ಆಫೀಸಿಗೆ ಫೋನ್ ಮಾಡಿ, "ಈ ಅಮ್ಮಣ್ಣಿ ನಮ್ಮೋಳ ತರಾನೇ ಮಾತಾಡ್ತಾಳೆ" ಎಂದರಂತೆ. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ದಿನವೂ ಕಟ್ಟೆಯ ಮೇಲೆ ಕೂತು ಆ ಪಾಠವನ್ನೇ ಹಾಕಿಕೊಳ್ಳುತ್ತೇನೆ, ನಮ್ಮ ಮನೆಯಲ್ಲಿ ಈಗ ಹುಟ್ಟಿದ ಮರಿಯೇ ಇಲ್ಲದಿದ್ದರೂ. ನೇತ್ರಾಳ ದನಿ ಬರುತ್ತದೆ, ಸ್ಪಷ್ಟವಾಗಿ, ಹೆದರಿಕೆಯಿಲ್ಲದೆ: "ಬಾಣದ ಗುರುತಿನ ಗುಂಡಿ ಒತ್ತಿ."

ಆಮೇಲೆ ಸದ್ದಿಲ್ಲ. ಒಂದು ಉಸಿರಿನಷ್ಟು.

ನಾನು ಒತ್ತುವುದಿಲ್ಲ. ಫೋನು ಕೈಯಲ್ಲಿ ಹಾಗೇ ಕಾಯುತ್ತಿರುತ್ತದೆ.

ಒಳಗಿಂದ ನೇತ್ರಾ ಕೂಗುತ್ತಾಳೆ: "ಅಜ್ಜಿ, ಯಾಕೆ ನಿಂತೋಯ್ತು? ಒತ್ತು!"

"ಒತ್ತೀನಿ ತಡಿಯೇ" ಎನ್ನುತ್ತೇನೆ.