ತಾರಸಿಯ ಮೇಲೆ ರಾಷ್ಟ್ರಪಕ್ಷಿ

ಆಷಾಢದ ಗಾಳಿ ಜೋರಾಗಿದ್ದ ಒಂದು ಭಾನುವಾರ. ಮಧ್ಯಾಹ್ನದ ಊಟ ಮುಗಿಸಿ, ಒಣಗಿದ ಬಟ್ಟೆ ತರಲೆಂದು ತಾರಸಿಗೆ ಹೋದೆ. ಹೊಸ ತಿಪ್ಪಸಂದ್ರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗಿನ ಅಂತಸ್ತಿನಲ್ಲಿ ಮಾಲೀಕರು, ಮೇಲಿನದರಲ್ಲಿ ನಾವು, ಅದರ ಮೇಲೆ ತಾರಸಿ. ಅಲ್ಲಿಂದ ನೋಡಿದರೆ ವಿಮಾನ ಕಾರ್ಖಾನೆಯ ಉದ್ದನೆಯ ಕಾಂಪೌಂಡೂ ಅದರೊಳಗಿನ ದಟ್ಟ ಮರಗಳೂ ಕಾಣುತ್ತಿದ್ದವು. ಬೆಳಗಿನ ಹೊತ್ತು ಆ ಕಡೆಯಿಂದ ನವಿಲು ಕೂಗುವುದು ಕೇಳುತ್ತಿತ್ತು. ಕೇಳಿದ್ದೆನೇ ಹೊರತು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ತಾರಸಿಯ ಬಾಗಿಲು ತೆಗೆಯುತ್ತಿದ್ದಂತೆ ದಬದಬ ಬಡಿಯುವ ಸದ್ದು. ಬಕೆಟ್ಟು ಉರುಳಿರಬೇಕು ಎಂದುಕೊಂಡು ತಿರುಗಿದೆ. ನೀರಿನ ಟ್ಯಾಂಕಿನ ಪಕ್ಕದ ಕಬ್ಬಿಣದ ಕಂಬಕ್ಕೆ ಒಂದು ಗಂಡು ನವಿಲು ನೇತುಬಿದ್ದಿತ್ತು. ಗಾಳಿಪಟದ, ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ಅದರ ಎಡಗಡೆಯ ರೆಕ್ಕೆಗೆ ಸುತ್ತಿ, ಇನ್ನೊಂದು ತುದಿ ಕಂಬದ ಮೇಲೆಲ್ಲೋ ಸಿಕ್ಕಿಕೊಂಡಿತ್ತು. ಹಕ್ಕಿಯ ಇಡೀ ಭಾರ ಆ ಒಂದು ರೆಕ್ಕೆಯ ಮೇಲೆ. ಬಿಡಿಸಿಕೊಳ್ಳಲು ಕೊಸರಾಡಿದಾಗಲೆಲ್ಲ ಟ್ಯಾಂಕಿಗೆ ಬಡಿದುಕೊಳ್ಳುತ್ತಿತ್ತು, ದಾರ ಇನ್ನಷ್ಟು ಒಳಗೆ ಇಳಿಯುತ್ತಿತ್ತು. ಕೆಳಗೆ ಸಿಮೆಂಟಿನ ಮೇಲೆ ರಕ್ತದ ಹನಿಗಳು, ಕಿತ್ತುಬಿದ್ದ ಗರಿಗಳು.

ಗಂಡ ಕೆಲಸದ ಮೇಲೆ ಪರವೂರಿಗೆ ಹೋಗಿದ್ದರು. ಮನೆಯಲ್ಲಿ ಇದ್ದವರು ನಾನು ಮತ್ತು ಮಂಡಿನೋವಿನ ಅತ್ತೆ, ಇಬ್ಬರೇ. ಹತ್ತಿರ ಹೋಗೋಣವೆಂದು ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹಿಂದಿನಿಂದ ಕೂಗು ಕೇಳಿಸಿತು.

"ಮುಟ್ಬೇಡ! ಏಯ್, ಮುಟ್ಬೇಡಮ್ಮಾ! ರಾಷ್ಟ್ರಪಕ್ಷಿ ಕಣಮ್ಮಾ ಅದು!"

ಸದ್ದು ಕೇಳಿ ಮೇಲೆ ಬಂದಿದ್ದ ನಮ್ಮ ಮನೆಯ ಮಾಲೀಕರು. ಇದೇ ಊರಿನ ಹಳೆಯ ಕುಟುಂಬದವರು. ಈಗಿನ ರಸ್ತೆ, ಅಂಗಡಿಗಳೆಲ್ಲ ಅವರ ತಾತನ ಕಾಲಕ್ಕೆ ರಾಗಿ ಹೊಲವಂತೆ. ಅರವತ್ತು ದಾಟಿದ ಮನುಷ್ಯ, ಸ್ವಭಾವ ಒಳ್ಳೆಯದೇ. ಆದರೆ ಪೊಲೀಸು, ಕೋರ್ಟು ಅಂದರೆ ಬೆವರಿಬಿಡುತ್ತಿದ್ದರು.

"ಅಂಕಲ್, ಸಾಯ್ತಾ ಇದೆ ಅದು" ಅಂದೆ.

"ಅದಕ್ಕೇ ಹೇಳ್ತಿರೋದು. ಸತ್ರೆ ಯಾರ ಕೈಲಿ ಸತ್ತಿದ್ದು ಅಂತ ಕೇಳ್ತಾರೆ. ಹೊಸಕೋಟೆ ಹತ್ರ ನಮ್ಮ ಸೋದರಮಾವ ಒಬ್ರಿದ್ರು. ಹೊಲದಲ್ಲಿ ನವಿಲು ಸತ್ತು ಬಿದ್ದಿತ್ತು, ಪಾಪ ಅಂತ ಹೂತಾಕಿದ್ರು. ಇವನೇ ವಿಷ ಇಕ್ಕಿದ್ದು ಅಂತ ಯಾರೋ ಹೋಗಿ ಹೇಳ್ಬಿಟ್ರು. ವರ್ಷಗಟ್ಲೆ ಕೋರ್ಟಿಗೆ ಅಲೆದು ಸುಸ್ತಾಗೋದ್ರು. ಅದೇನು ಕಾಗೇನಾ, ಪಾರಿವಾಳನಾ? ಬಾಗ್ಲು ಹಾಕ್ಕೊಂಡು ಕೆಳಗಡೆ ಬಾ. ನಾವು ನೋಡೇ ಇಲ್ಲ."

ರಾಷ್ಟ್ರಪ್ರಾಣಿ ಹುಲಿ, ರಾಷ್ಟ್ರಪಕ್ಷಿ ನವಿಲು, ಹೂವು ಕಮಲ, ಮರ ಆಲ. ನಾನು ಓದಿದ ರಾಣೆಬೆನ್ನೂರಿನ ಶಾಲೆಯಲ್ಲಿ ಗೋಡೆಯ ಮೇಲಿನ ಚಾರ್ಟು ನೋಡುತ್ತ ನಾವೆಲ್ಲ ರಾಗವಾಗಿ ಒಪ್ಪಿಸುತ್ತಿದ್ದೆವು. ಚಿತ್ರದಲ್ಲಿ ನವಿಲು ಗರಿಗೆದರಿ ನಿಂತಿರುತ್ತಿತ್ತು. ನನ್ನ ಮುಂದಿದ್ದ ಹಕ್ಕಿ ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಅದರ ಕಣ್ಣು ನನ್ನ ಮೇಲಿತ್ತು. ಬಾಗಿಲು ಹಾಕಿಕೊಂಡು ಹೋಗಲು ನನ್ನಿಂದ ಆಗಲಿಲ್ಲ.

ಗಾಯಗೊಂಡ ಪ್ರಾಣಿಗಳನ್ನು ಒಯ್ದು ಆರೈಕೆ ಮಾಡುವ ಒಂದು ಕೇಂದ್ರದ ನಂಬರು ನನ್ನ ಫೋನಿನಲ್ಲಿತ್ತು, ಹಿಂದೊಮ್ಮೆ ಆಫೀಸಿನ ಗೆಳತಿ ಕಳಿಸಿದ್ದು. ಫೋನು ಎತ್ತಿಕೊಂಡ ಹುಡುಗಿ ಶಾಂತವಾಗಿ ಮಾತಾಡಿದಳು. ಅವರು ಊರಿನ ಇನ್ನೊಂದು ತುದಿಯಿಂದ ಹೊರಡಬೇಕಿತ್ತು.

"ಅಲ್ಲೀವರ್ಗೂ ಅದು ನೇತಾಡ್ಕೊಂಡಿದ್ರೆ ಉಳಿಯಲ್ಲ ಮೇಡಂ. ಮೊದ್ಲು ಮುಖಕ್ಕೆ ಬಟ್ಟೆ ಮುಚ್ಚಿ, ಕತ್ತಲಾದ್ರೆ ಸುಮ್ನಾಗತ್ತೆ. ಆಮೇಲೆ ಕೆಳಗಿಂದ ಭಾರ ಹಿಡ್ಕೊಳ್ಳಿ. ರೆಕ್ಕೆ ಹತ್ರ ಸುತ್ತಿರೋ ದಾರ ಎಳೀಬೇಡಿ. ಕಂಬದ ಕಡೆ ಕತ್ತರಿಸಿ. ನೀವು ಹೆಲ್ಪ್ ಮಾಡಿದ್ರೆ ಯಾರೂ ಕೇಸ್ ಹಾಕಲ್ಲ, ನಾನು ಫಾರೆಸ್ಟ್ ಆಫೀಸಿಗೂ ಹೇಳಿರ್ತೀನಿ."

ಕೊನೆಯ ಮಾತನ್ನು ಮಾಲೀಕರಿಗೂ ಹೇಳಿದೆ. ಅವರು ತಲೆ ಕೊಡವಿದರು. "ಫೋನಲ್ಲಿ ಎಲ್ರೂ ಹಂಗೇ ಹೇಳ್ತಾರೆ. ನೀನು ಕೈ ಹಾಕ್ದೆ ಅಂದ್ರೆ ಬೇರೆ ಮನೆ ನೋಡ್ಕೋಬೇಕಾಗತ್ತೆ, ಈಗ್ಲೇ ಹೇಳಿರ್ತೀನಿ."

ಆ ಮಾತಿಗೆ ನಾನು ನಿಂತುಬಿಟ್ಟೆ. ಮನೆ ಹುಡುಕಿ ಅಲೆದ ದಿನಗಳು ನೆನಪಾದವು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅತ್ತೆಯ ಏದುಸಿರು ಕೇಳಿಸಿತು. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದ ಅವರು ನವಿಲನ್ನು ನೋಡಿದ್ದೇ ತಡ, "ಅಯ್ಯ ನನ ಶಿವನೇ!" ಅಂದರು. ನನ್ನ ಕಡೆ ತಿರುಗಿದರು. "ಏನ್ ನೋಡ್ಕೋತ ನಿಂತೀಯವಾ? ಕೆಳಗ ಹೋಗಿ ಕೌದಿ ತಗೊಂಬಾ."

"ಅತ್ತಿ, ಓನರ್ ಬ್ಯಾಡ ಅನ್ನಾಕತ್ತಾರ್ರಿ. ಮನಿ ಬಿಡಬೇಕಾಗತೈತಂತ."

"ಬಿಡ್ಸಿದ್ರ ಬಿಡೂಣು. ಮೊದ್ಲ ಕೌದಿ ತಾ."

ಓಡಿದೆ. ಅತ್ತೆ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದಿದ್ದ ಕೌದಿ ಅದು, ದಪ್ಪಗೆ, ಮೆತ್ತಗೆ. ಇಬ್ಬರೂ ಎರಡು ತುದಿ ಹಿಡಿದು ನಿಧಾನವಾಗಿ ಹತ್ತಿರ ಹೋದೆವು. ಹಕ್ಕಿ ಒಮ್ಮೆ ಜೋರಾಗಿ ಒದ್ದುಕೊಂಡಿತು, ಕಾಲಿನ ಮುಳ್ಳಿನಂಥ ಉಗುರು ನನ್ನ ಮೊಣಕೈಯನ್ನು ಗೀರಿತು. ಮುಖ ಮುಚ್ಚಿದೆವು. ಅದರ ಹೊಟ್ಟೆಯ ಕೆಳಗೆ ನಾನು ಎರಡೂ ಕೈ ಕೊಟ್ಟು ಎತ್ತಿದೆ. ಎದೆಬಡಿತ ಎಷ್ಟು ಜೋರಾಗಿತ್ತೆಂದರೆ ಅದು ನನ್ನದೋ ಹಕ್ಕಿಯದೋ ತಿಳಿಯುತ್ತಿರಲಿಲ್ಲ. ಅತ್ತೆ ಕೌದಿಯ ಮೇಲಿನಿಂದ ಬಲಗಡೆಯ ರೆಕ್ಕೆಯನ್ನು ಒತ್ತಿ ಹಿಡಿದರು. ಬಿಗಿಯಾಗಿದ್ದ ದಾರ ಸ್ವಲ್ಪ ಸಡಿಲವಾಯಿತು.

ಈಗ ಇನ್ನೊಂದು ಕಷ್ಟ. ಕಂಬದ ಕಡೆ ದಾರ ಕತ್ತರಿಸಬೇಕಾದರೆ ಕಬ್ಬಿಣದ ಏಣಿ ಹತ್ತಿ ಟ್ಯಾಂಕಿನ ಕಟ್ಟೆಯ ಮೇಲೆ ಹೋಗಬೇಕು. ನಮ್ಮ ನಾಲ್ಕೂ ಕೈ ಹಕ್ಕಿಯ ಮೇಲಿದ್ದವು. ಮಾಲೀಕರು ಬಾಗಿಲಲ್ಲೇ ನಿಂತಿದ್ದರು.

ಅಷ್ಟರಲ್ಲಿ ಪಕ್ಕದ ಕಟ್ಟಡದ ತಾರಸಿಯಲ್ಲಿ ಚಡ್ಡಿ ತೊಟ್ಟ ಒಬ್ಬಾತ ಫೋನು ಎತ್ತಿ ಹಿಡಿದು ವಿಡಿಯೋ ಮಾಡತೊಡಗಿದ್ದ. "ಗುರು, ನ್ಯಾಷನಲ್ ಬರ್ಡ್ ಗುರು! ಹಿಡಿದಾಕ್ತಾವ್ರೆ ನೋಡು!" ಎಂದು ಯಾರಿಗೋ ಹೇಳುತ್ತಿದ್ದ.

"ರೀ, ಹಿಡೀತಿಲ್ಲ, ಬಿಡಿಸ್ತಿದೀವಿ! ಬಂದು ಸ್ವಲ್ಪ ದಾರ ಕಟ್ ಮಾಡ್ರೀ!" ಎಂದು ಕೂಗಿದೆ.

"ಅಯ್ಯೋ, ನಂಗ್ಯಾಕೆ ಮೇಡಂ" ಅಂದವನು ಫೋನು ಮಾತ್ರ ಇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗೆ ರಸ್ತೆಯಲ್ಲಿ ಗದ್ದಲ ಶುರುವಾಯಿತು. ಯಾರೋ ನವಿಲು ಹಿಡಿದು ಕುಯ್ಯುತ್ತಿದ್ದಾರಂತೆ ಅನ್ನುವ ಮಾತು ಮೇಲಕ್ಕೂ ಕೇಳಿಸಿತು. ಪೊಲೀಸಿಗೆ ಫೋನ್ ಮಾಡಿ ಎಂದು ಒಬ್ಬರು, ಆಗಲೇ ಮಾಡಿಯಾಯಿತು ಎಂದು ಇನ್ನೊಬ್ಬರು. ಗೇಟು ಅಲ್ಲಾಡಿಸುವ ಸದ್ದು. ಮಾಲೀಕರಿಗೆ ಯಾವುದರ ಭಯವಿತ್ತೋ ಅದೇ ನಡೆಯುತ್ತಿತ್ತು.

ಹಕ್ಕಿಯ ಭಾರ ಹೊತ್ತು ನನ್ನ ತೋಳು ಸೋತುಬಂದಿತ್ತು. ಮಂಡಿನೋವಿಗೆ ಅತ್ತೆ ಟ್ಯಾಂಕಿಗೆ ಒರಗಿಕೊಂಡಿದ್ದರು. ನಾನು ಕೈಬಿಟ್ಟರೆ ಇಡೀ ಭಾರ ಮತ್ತೆ ಆ ಗಾಯದ ಮೇಲೆ ಬೀಳುತ್ತದೆ. "ಅಂಕಲ್, ಇನ್ನು ನನ್ ಕೈಲಾಗಲ್ಲ" ಅಂದೆ. ನನಗೇ ಗೊತ್ತಿಲ್ಲದೆ ಅಳು ಬಂದಿತ್ತು.

ಅವರು ಸರಸರನೆ ಕೆಳಗಿಳಿದು ಹೋದರು. ಹೋದರು, ಮುಗಿಯಿತು ಎಂದುಕೊಂಡೆ. ಆದರೆ ಅವರು ಕತ್ತರಿ ಹಿಡಿದುಕೊಂಡು ವಾಪಸು ಬಂದರು, ಲುಂಗಿ ಎತ್ತಿ ಕಟ್ಟಿದರು, ಏಣಿ ಹತ್ತಿದರು. ಗಾಳಿಗೆ ಏಣಿ ಕಟಕಟ ಅನ್ನುತ್ತಿತ್ತು. "ಗಟ್ಟಿಯಾಗಿ ಹಿಡ್ಕೊಳ್ರಮ್ಮಾ, ಗಟ್ಟಿಯಾಗಿ!" ಅನ್ನುತ್ತಲೇ ಎಡಗೈಯಲ್ಲಿ ದಾರ ಹಿಡಿದು ಬಲಗೈಯಲ್ಲಿ ಕತ್ತರಿ ಹಾಕಿದರು. ದಾರ ಕತ್ತರಿಗೆ ಜಾರುತ್ತಿತ್ತು. ಮತ್ತೊಮ್ಮೆ ಹಾಕಿದರು. ಮಾಂಜಾ ಅವರ ಬೆರಳನ್ನೇ ಕೊಯ್ಯಿತು. ಮೂರನೆಯ ಸಲಕ್ಕೆ ಫಟ್ಟನೆ ತುಂಡಾಗಿ, ನಾವಿಬ್ಬರೂ ಹಕ್ಕಿಯ ಸಮೇತ ಕುಕ್ಕರಿಸಿದೆವು.

ಕೌದಿಯೊಳಗೆ ಅದು ಮಿಸುಕಾಡಲಿಲ್ಲ. ಸತ್ತೇ ಹೋಯಿತೇನೋ ಎಂದು ಕೈಯಿಟ್ಟು ನೋಡಿದೆ. ಬಿಸಿಯಾಗಿತ್ತು, ಎದೆ ಏರಿಳಿಯುತ್ತಿತ್ತು.

ಬಾಗಿಲಲ್ಲಿ ಬೂಟಿನ ಸದ್ದಾಯಿತು. ಪೊಲೀಸ್ ಪೇದೆಯೊಬ್ಬರು, ಅವರ ಹಿಂದೆ ರಸ್ತೆಯ ನಾಲ್ಕಾರು ಜನ. ಪೇದೆ ರಕ್ತ ನೋಡಿದರು, ಗರಿ ನೋಡಿದರು, ಕೌದಿ ನೋಡಿದರು.

"ಯಾರು ಇದನ್ನ ಹಿಡಿದಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಏಣಿಯ ಬುಡದಲ್ಲಿ ನಿಂತಿದ್ದ ಮಾಲೀಕರು ಮಾತಾಡಿದರು. "ಮನೆ ನಂದು ಸಾರ್. ಮಾಂಜಾಕ್ಕೆ ಸಿಗಾಕೊಂಡು ನೇತಾಡ್ತಿತ್ತು. ಹಿಡ್ಕೊಳ್ರಮ್ಮಾ ಅಂದೋನೂ ನಾನೇ, ದಾರ ಕಟ್ ಮಾಡಿದ್ದೂ ನಾನೇ. ಈ ಹೆಣ್ಮಕ್ಕಳನ್ನ ಏನೂ ಕೇಳ್ಬೇಡಿ. ಕೇಳೋದಿದ್ರೆ ನನ್ನ ಕೇಳಿ."

ಅತ್ತೆ ನನ್ನ ಮುಖ ನೋಡಿದರು. ನಾನು ಕೇಂದ್ರಕ್ಕೆ ಫೋನು ಹಚ್ಚಿ ಪೇದೆಯ ಕೈಗೆ ಕೊಟ್ಟೆ. ಅವರು ಅಲ್ಲಿನ ಹುಡುಗಿಯ ಜೊತೆ ಮಾತಾಡಿದರು. ಫೋನು ಹಿಂದಿರುಗಿಸುವಾಗ ಅವರ ಹುಬ್ಬಿನ ಗಂಟು ಸಡಿಲವಾಗಿತ್ತು. "ಕೈಗೆ ಅರಿಶಿನನಾದ್ರೂ ಹಚ್ಕೊಳ್ಳಿ ಸಾರ್, ರಕ್ತ ಸುರೀತಿದೆ" ಎಂದು ಮಾಲೀಕರಿಗೆ ಹೇಳಿ, ಪಕ್ಕದ ತಾರಸಿಯವನನ್ನು ಕರೆದು ವಿಡಿಯೋ ಅಳಿಸಲು ಹೇಳಿದರು. ಅವನು ಅಳಿಸಿದ. ಅಷ್ಟರೊಳಗೆ ಎಷ್ಟು ಜನಕ್ಕೆ ಹೋಗಿತ್ತೋ. ಮುಂದೆ ಎಷ್ಟೋ ದಿನ ಮಾರ್ಕೆಟ್ ರಸ್ತೆಯ ತರಕಾರಿ ಅಂಗಡಿಯಲ್ಲಿ ಜನ ನನ್ನನ್ನು ತಿರುಗಿ ನೋಡುತ್ತಿದ್ದರು.

ಮೇಲೆ ಬಂದಿದ್ದ ಒಬ್ಬ ಹೆಂಗಸು ಬಗ್ಗಿ, "ಒಂದು ಗರಿ ತಗೋತೀನಿ, ದೇವ್ರ ಮನೇಲಿ ಇಡೋಕೆ" ಅಂದಾಗ ಮಾಲೀಕರು, "ಒಂದೂ ಮುಟ್ಬೇಡಿ!" ಎಂದು ಗದರಿದರು. ಅಷ್ಟರಲ್ಲಿ ಮೇಲೆ ಬಂದಿದ್ದ ಅವರ ಹೆಂಡತಿ ಬೆರಳಿಗೆ ಬಟ್ಟೆ ಸುತ್ತುತ್ತಿದ್ದರೂ ನೆಲದ ಗರಿಗಳ ಮೇಲೇ ಮಾಲೀಕರ ಕಣ್ಣಿತ್ತು.

ಸಂಜೆಯಾಗುವ ಹೊತ್ತಿಗೆ ಆ ಹುಡುಗಿ ದೊಡ್ಡ ಪೆಟ್ಟಿಗೆಯೊಂದಿಗೆ ಬಂದಳು. ಗಾಯ ನೋಡಿ ಅವಳ ಮುಖ ಸಣ್ಣದಾಯಿತು. ನವಿಲನ್ನು ಕೌದಿಯ ಸಮೇತವೇ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ಹೋದಳು.

ಆ ರಾತ್ರಿ ಮನೆ ಬಿಡುವ ಮಾತನ್ನು ಯಾರೂ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ನಾನಾಗಿ ಕೇಳುವ ಧೈರ್ಯ ನನಗಿರಲಿಲ್ಲ. ವಾರದ ಮೇಲೆ ಗೇಟಿನ ಹತ್ತಿರ ಎದುರಾದಾಗ ಮಾಲೀಕರೇ, "ಏನಂತೆ ಅದರ ಸಮಾಚಾರ?" ಎಂದು ಕೇಳಿದರು. ಸಮಾಚಾರ ಇನ್ನೂ ಬಂದಿರಲಿಲ್ಲ. ಆಮೇಲೆ ಕಂಡಾಗಲೆಲ್ಲ ಕೇಳತೊಡಗಿದರು. ಬಂದಿಲ್ಲ ಅಂದರೆ ನನ್ನ ಮೇಲೇ ಸಿಡುಕುತ್ತಿದ್ದರು.

ಕೊನೆಗೊಂದು ದಿನ ಕೇಂದ್ರದಿಂದ ಫೋನು ಬಂತು. ನವಿಲು ಬದುಕಿತ್ತು. ಆದರೆ ದಾರ ರೆಕ್ಕೆಯ ಮೂಳೆಯವರೆಗೆ ಇಳಿದಿದ್ದರಿಂದ ಅದು ಇನ್ನೆಂದೂ ಹಾರುವುದಿಲ್ಲ. ಹೊರಗೆ ಬಿಟ್ಟರೆ ನಾಯಿಗಳ ಪಾಲಾಗುತ್ತದೆ, ಅಲ್ಲೇ ಬೇಲಿಯೊಳಗೆ ಇಟ್ಟುಕೊಳ್ಳುತ್ತಾರೆ. ಅತ್ತೆಗೆ ಹೇಳಿದೆ. "ಒಂದ ಐತೇನು, ಜೋಡಿ ಮತ್ತ್ಯಾವ್ದರ ಐತೇನು?" ಎಂದು ಕೇಳಿದರು. ಹಾರಲಾರದ ಇನ್ನೂ ಎರಡು ಇವೆಯಂತೆ ಅಂದೆ.

ಮಾಲೀಕರಿಗೆ ಹೇಳಲು ಕೆಳಗಿಳಿದೆ. ಅವರು ಬಾಗಿಲಲ್ಲೇ ಕೂತು ಪೇಪರು ಓದುತ್ತಿದ್ದರು. ಬದುಕಿದೆ ಅಂದಾಗ ಮುಖ ಅರಳಿತು. ಹಾರುವುದಿಲ್ಲ ಅಂದಾಗ ಪೇಪರನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. "ಇನ್ನೂ ಸ್ವಲ್ಪ ಬೇಗ ಏಣಿ ಹತ್ಬೇಕಿತ್ತು ನಾನು" ಅಂದರು. ಅವರ ಹೆಂಡತಿ ಒಳಗಿನಿಂದ ಕಾಫಿಗೆ ಕರೆದರು. ಆ ಮನೆಯ ಒಳಗೆ ಹೋಗಿ ಕೂತು ಕಾಫಿ ಕುಡಿದದ್ದು ಅದೇ ಮೊದಲು.