ನಾನೆತ್ತಿದ ಬಾವುಟ

ಮೌಲಾ, ನಿನ್ನ ಕುದುರೆ ಹೀರಾ ಅವತ್ತು ನಾಗಾಲೋಟಕ್ಕೆ ಬಿದ್ದಿರಲಿಲ್ಲ. ನಾನು ಸುಳ್ಳು ಹೇಳಿದೆ. ಗೊತ್ತಿದ್ದೇ ಹೇಳಿದೆ — ಧೂಳು ಎದ್ದಿತ್ತು, ಕಣ್ಣು ಮಂಜಾಗಿತ್ತು ಎಂದೆಲ್ಲ ಈಗ ಕಥೆ ಕಟ್ಟುವುದಿಲ್ಲ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಆ ಖುಷಿಗೆ ಹರ್ತಿ ರಸ್ತೆಯಲ್ಲಿ ಟಾಂಗಾ ಓಟದ ಶರ್ಯತ್ತು ಇಟ್ಟಿದ್ದರು. ಅದರ ಕಟ್ಟಳೆ ನಿನಗೆ ನಾನು ಹೇಳಬೇಕಾಗಿಲ್ಲ: ಕುದುರೆ ಒಂದೇ ಸಮ ಹೆಜ್ಜೆಯ ಕುಕ್ಕುಲೋಟದಲ್ಲೇ ಓಡಬೇಕು, ಜಿಗಿದು ನಾಗಾಲೋಟಕ್ಕೆ ಬಿದ್ದರೆ ಗಾಡಿ ಹೊರಗೆ. ಕಾಲು ನೋಡಲು ಒಬ್ಬ ಪಂಚ ಬೈಕಿನ ಹಿಂದೆ ಕೂತು ಟಾಂಗಾದ ಪಕ್ಕದಲ್ಲೇ ಹೋಗಬೇಕು. ಡ್ರಿಲ್ ಮಾಸ್ತರ, ನಿಷ್ಠುರ ಮನುಷ್ಯ ಎಂದು ಕೆಂಪು ಬಾವುಟವನ್ನು ನನ್ನ ಕೈಗೆ ಕೊಟ್ಟಿದ್ದರು. ನಿಷ್ಠುರ! ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹಿಂದಿನ ದಿನ ಬೆಟಗೇರಿಯ ಚಹಾದಂಗಡಿ ಮುಂದೆ ಹೀರಾಳ ಕಾಲು ಮುಟ್ಟಿ ನೋಡಿ, ಹಿಂಗಾಲು ಸ್ವಲ್ಪ ಬಿಗಿ ಇದೆ ಎಂದಿದ್ದೆ. ನೀನು ನಕ್ಕೆ. “ಮಾಸ್ತರ್ರ, ನಿಮಗ ಸೀಟಿ ಊದೂದು ಗೊತ್ತೈತ್ರಿ. ಕುದುರಿ ಮಾತು ನಮಗ ಬಿಡ್ರಿ.” ಅಲ್ಲಿದ್ದ ನಾಲ್ಕಾರು ಜನರೂ ನಕ್ಕರು. ಅಷ್ಟೇ. ಇಷ್ಟಕ್ಕೇ — ಎಪ್ಪತ್ತರ ಹತ್ತಿರ ಬಂದರೂ ನನಗೇ ನಂಬಲಾಗುತ್ತಿಲ್ಲ, ಇಷ್ಟಕ್ಕೇ!

ಕೊನೆಯ ತಿರುವಿನಲ್ಲಿ ನೀನೇ ಮುಂದಿದ್ದೆ. ಬೈಕು ಓಡಿಸುವವನ ಕಣ್ಣು ರಸ್ತೆಯ ಮೇಲಿತ್ತು. ಕಾಲು ನೋಡುತ್ತಿದ್ದವನು ನಾನೊಬ್ಬನೇ. ಹೊಲಿಗೆ ಯಂತ್ರದ ಸೂಜಿಯ ಹಾಗೆ ಹೀರಾಳ ಹೆಜ್ಜೆ ಒಂದೇ ಸಮ ಬೀಳುತ್ತಿತ್ತು. ಅಂಥ ಓಟ ನಾನು ಮತ್ತೆ ನೋಡಿಲ್ಲ. ನೋಡುತ್ತ ನೋಡುತ್ತಲೇ ಬಾವುಟ ಎತ್ತಿದೆ.

“ಕುದುರಿ ನಾಗಾಲಿಗೆ ಬಿದ್ದೈತಿ. ಗಾಡಿ ಹೊರಗ.”

ನೀನು ಜಗಳಕ್ಕೆ ಬರುತ್ತೀ ಎಂದುಕೊಂಡಿದ್ದೆ. ಕೊರಳಪಟ್ಟಿ ಹಿಡಿದಿದ್ದರೆ ಅಲ್ಲೇ ಒಪ್ಪಿಬಿಡುತ್ತಿದ್ದೆನೇನೋ — ಇಲ್ಲ, ಇದೂ ಸುಳ್ಳು. ಓಟ ನೋಡಲು ಬಂದಿದ್ದ ಶಿರಹಟ್ಟಿಯ ಮಂದಿ ನಿನ್ನ ಪರವಾಗಿ ಕೂಗಾಡಿದಾಗ ಅವರ ಬಾಯಿ ಮುಚ್ಚಿಸಿದವನೇ ನೀನು. “ಸುಮ್ನಿರ್ರೋ. ಮಾಸ್ತರ್ ಸುಳ್ಳ ಹೇಳಂಗಿಲ್ಲ. ನನಗ ತಿಳೀಲಿಲ್ಲ.”

ತಿಳಿಯಲಿಲ್ಲವಂತೆ! ಲಗಾಮು ನಿನ್ನ ಕೈಯಲ್ಲಿತ್ತಲ್ಲೋ! ಮರಿಯಿಂದ ಸಾಕಿದ ಕುದುರೆಯ ನಡೆ ನಿನ್ನ ಕೈಗೆ ತಿಳಿಯದೆ ನನ್ನ ಬಾವುಟಕ್ಕೆ ತಿಳಿಯಿತೇ? ಯಾಕೆ ನಂಬಿದೆ ನನ್ನನ್ನು? ಇಷ್ಟು ವರ್ಷ ನಿನ್ನ ಮೇಲೆ ಈ ಸಿಟ್ಟು ಸಾಕಿಕೊಂಡು ಬಂದೆ. ತಪ್ಪು ನನ್ನದು, ಸಿಟ್ಟು ನಿನ್ನ ಮೇಲೆ — ಥೂ, ಎಂಥ ಮನುಷ್ಯ ನಾನು.

ಆಮೇಲೆ ನೀನು ಚಾಟಿ ತೆಗೆದುಕೊಂಡೆ. ಗಾಳಿಯಲ್ಲಿ ಸದ್ದು ಮಾಡಲಷ್ಟೇ ಬಳಸುತ್ತಿದ್ದ ಚಾಟಿ. ಹೀರಾಳ ಪಕ್ಕೆಗೆ ಹೊಡೆದೆ. ಅವಳು ಜಗ್ಗಲಿಲ್ಲ, ಒದೆಯಲಿಲ್ಲ. ತಲೆ ತಿರುಗಿಸಿ ನಿನ್ನನ್ನು ನೋಡಿದಳು. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಒಂದು ಮಾತು — ಒಂದೇ ಮಾತು ಸಾಕಾಗಿತ್ತು. ಯಾರೋ ಕೊಟ್ಟ ಚಹಾ ಕುಡಿಯುತ್ತ ನಿಂತೆ.

ಆ ವರ್ಷವೇ ನೀನು ಅವಳನ್ನು ಲಕ್ಷ್ಮೇಶ್ವರದ ಕಡೆಯವರಿಗೆ ಮಾರಿದೆ. ಮತ್ತೆ ಕುದುರೆ ಕಟ್ಟಲಿಲ್ಲ, ಆಟೊ ಹಿಡಿದೆ. ಮೊನ್ನೆ ನಿನ್ನ ಆಟೊದಲ್ಲಿ ನಾನು ಕೂತಾಗ ಪಕ್ಕದವರಿಗೆ ನನ್ನ ಗುರುತು ಹೇಳಿದೆಯಲ್ಲ: “ಇವ್ರು ಭಾಳ ಖರೇ ಮಾತಿನವ್ರ್ರಿ. ನನ್ನ ಕುದುರಿ ದಗಾ ಕೊಟ್ಟಿದ್ದನ್ನ ಮಾರಿ ಮ್ಯಾಲ ಹೇಳಿದವ್ರು.” ಆ ಮಾತಿಗೂ ನಾನು ತಲೆಯಾಡಿಸಿದೆ.

ಬರುವ ವಾರ ಮುಂಡರಗಿ ರಸ್ತೆಯಲ್ಲಿ ಮತ್ತೆ ಶರ್ಯತ್ತು. ಹಳೆಯ ಪಂಚ ಎಂದು ನನಗೆ ಶಾಲು ಹೊದಿಸುತ್ತಾರಂತೆ. ಶಾಲು ಬೇಡ, ಮೈಕ್ ಕೊಡಿ ಎಂದಿದ್ದೇನೆ. ಅಷ್ಟು ಮಂದಿಗೆ ಹೇಳುವ ಮೊದಲು ನಿನಗೆ ಹೇಳಬೇಕು, ಅದಕ್ಕೇ ಇದನ್ನು ಬರೆದೆ. ಕ್ಷಮಿಸು ಎಂದು ಕೇಳುವುದಿಲ್ಲ.

ದಗಾ ಕೊಟ್ಟವನು ನಾನು, ಮೌಲಾ. ಬಾವುಟ ಎತ್ತುವ ತನಕ, ಎತ್ತಿದ ಮೇಲೂ, ಹೀರಾ ಒಂದು ಹೆಜ್ಜೆಯೂ ತಪ್ಪಿರಲಿಲ್ಲ.